ಗಡಿಯಾರ ನೋಡದ ಮೀನಕ್ಕ

ಗಡಿಯಾರ ರಿಪೇರಿ ಮಾಡುವವನ ಹೆಂಡತಿ ಕೈಗೆ ಗಡಿಯಾರ ಕಟ್ಟುವುದಿಲ್ಲ ಎಂದರೆ ಯಾರಿಗಾದರೂ ನಗು ಬರುತ್ತದೆ. ನಗಲಿ ಬಿಡಿ. ದಿನಕ್ಕೆ ಎಂಟು ಗಂಟೆ ಮೊಣಕೈವರೆಗೆ ನೀರಿನಲ್ಲಿರುವ ಕೈಯಲ್ಲಿ ಯಾವ ಗಡಿಯಾರ ತಾನೇ ಬಾಳೀತು? ಮೀನಕ್ಕನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇದೆ. ಅದು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಸಂಶೋಧನಾ ಸಂಸ್ಥೆಯೊಂದರ ನೆಲಮಾಳಿಗೆಯ ಮೀನುಕೋಣೆಯಲ್ಲಿ ಇಪ್ಪತ್ತಾರು ವರ್ಷ ಕಳೆದವಳನ್ನು ಜನ ಇನ್ನೇನೆಂದು ಕರೆದಾರು? ಗಂಡನೂ ಹಾಗೇ ಕರೆಯುತ್ತಾನೆ, ರೇಗಿಸುವುದಕ್ಕೆಂದೇ: "ಮೀನಕ್ಕನೋರೆ, ಟೀ ಏನಾದ್ರೂ ಸಿಗುತ್ತಾ?"

ಆ ಕೋಣೆಗೆ ಕಿಟಕಿಯಿಲ್ಲ. ಗೋಡೆಯುದ್ದಕ್ಕೂ ಕಬ್ಬಿಣದ ಅಟ್ಟಣಿಗೆ, ಅದರ ಮೇಲೆ ನಾನೂರು ತೊಟ್ಟಿ, ಪ್ರತಿ ತೊಟ್ಟಿಯಲ್ಲೂ ಬೆರಳುದ್ದದ ಪಟ್ಟೆ ಮೀನುಗಳು. ಒಳಗೆ ಕಾಲಿಟ್ಟರೆ ಬೆಚ್ಚಗಿನ ಹಸಿವಾಸನೆ, ಪಂಪಿನ ಗೊರಗೊರ. ಹೊಸಬರು ಮೂಗು ಮುಚ್ಚಿಕೊಳ್ಳುತ್ತಾರೆ. ಮೀನಕ್ಕನಿಗೆ ಆ ವಾಸನೆಯಲ್ಲಿ ಒಂದೆಳೆ ಹೆಚ್ಚುಕಡಿಮೆಯಾದರೂ ಯಾವ ಸಾಲಿನ ನೀರು ಕೆಟ್ಟಿದೆ ಎಂದು ಗೊತ್ತಾಗುತ್ತದೆ. ಬೆಳಿಗ್ಗೆ ಎಂಟೂವರೆಗೆ ದೀಪ ತಾನಾಗಿಯೇ ಹತ್ತುತ್ತದೆ. ಮೀನುಗಳ ಪಾಲಿಗೆ ಅದೇ ಸೂರ್ಯೋದಯ. ಹಿಂದಿನ ಸಂಜೆ ಒಂದು ಗಂಡನ್ನೂ ಒಂದು ಹೆಣ್ಣನ್ನೂ ಪುಟ್ಟ ಡಬ್ಬಿಯಲ್ಲಿ ಬಿಟ್ಟು, ನಡುವೆ ಅಡ್ಡಹಲಗೆ ಇಳಿಸಿರುತ್ತಾಳೆ. ಬೆಳಕು ಬಂದ ಮೇಲೆ ಹಲಗೆ ಎತ್ತಿದರೆ ಕಾಲು ಗಂಟೆಯೊಳಗೆ ಸಾಸಿವೆಯಷ್ಟು ದಪ್ಪದ, ಗಾಜಿನಂತೆ ತಿಳಿಯಾದ ಮೊಟ್ಟೆಗಳು ತಳದ ಜಾಲರಿ ದಾಟಿ ಕೆಳಗೆ ಬೀಳುತ್ತವೆ. ಜಾಲರಿ ಇಲ್ಲದಿದ್ದರೆ ಹೆತ್ತವರೇ ತಿಂದು ತೇಗಿಬಿಡುತ್ತಾರೆ. ಮೀನಿನ ಸಂಸಾರ ಅಷ್ಟೇ.

ಅವಳು ಇಲ್ಲಿಗೆ ಬಂದದ್ದು ನೆಲ ಒರೆಸುವುದಕ್ಕೆ, ಮೂವತ್ತೊಂದರ ವಯಸ್ಸಿನಲ್ಲಿ. ಬಂದ ಎರಡನೇ ವಾರ, ಯಾರೂ ಇಲ್ಲದ ಹೊತ್ತು, ಮೇಜಿನ ಮೇಲೆ ದೀಪ ಉರಿಯುತ್ತಿದ್ದ ಮೈಕ್ರೋಸ್ಕೋಪಿಗೆ ಸುಮ್ಮನೆ ಕಣ್ಣಿಟ್ಟಳು. ಒಂದು ಉಂಡೆ, ಅದರ ತಲೆಯ ಮೇಲೊಂದು ಗುಳ್ಳೆ. ನೋಡುತ್ತಿದ್ದ ಹಾಗೆಯೇ ಗುಳ್ಳೆಯ ನಡುವೆ ಗೆರೆ ಮೂಡಿ ಎರಡಾಯಿತು. ಕಾಲು ಗಂಟೆಗೆ ನಾಲ್ಕು. ಆಮೇಲೆ ಎಂಟು. ಬಕೆಟ್ಟು ಕಾಲಿಗೆ ತಾಗಿ ಉರುಳಿದ್ದೂ ಅವಳಿಗೆ ತಿಳಿಯಲಿಲ್ಲ. ಆಗಿನ್ನೂ ಹೊಸದಾಗಿ ಬಂದಿದ್ದ ಪ್ರಯೋಗಾಲಯದ ಮುಖ್ಯಸ್ಥೆ, ಎಲ್ಲರೂ ಡಾಕ್ಟರಮ್ಮ ಎನ್ನುವವರು, ಬಾಗಿಲಲ್ಲಿ ನಿಂತು ಕೇಳಿದರು.

"ಏನ್ ನೋಡ್ತಿದ್ದೀರಿ?"

ಕೆಲಸ ಹೋಯಿತು ಎಂದೇ ಮೀನಕ್ಕ ಅಂದುಕೊಂಡಳು. ಆದರೂ ಬಾಯಿಗೆ ಬಂದದ್ದು ಬೇರೆ. "ಒಂದಿದ್ದಿದ್ದು ಎಂಟಾಯ್ತು ಅಮ್ಮಾ. ಹದಿನಾರು ಆಗೋವರೆಗೂ ಇರ್ಲಾ? ಆಮೇಲೆ ಒರೆಸ್ತೀನಿ."

ಡಾಕ್ಟರಮ್ಮ ಬೈಯಲಿಲ್ಲ, ಇನ್ನೊಂದು ಕುರ್ಚಿ ಎಳೆದುಕೊಂಡರು. ಜೇಬಿನಲ್ಲಿ ಗುಂಡಿ ಹೊಲಿಯಲು ಇಟ್ಟುಕೊಂಡಿದ್ದ ದಾರದ ಉರುಳೆ ತೆಗೆದು, ಒಂದು ಗಜ ಬಿಚ್ಚಿ ತೋರಿಸಿದರು. ಆ ಗುಳ್ಳೆಗಳಿವೆಯಲ್ಲ, ಜೀವಕೋಶಗಳು, ಒಂದೊಂದರ ಒಳಗೂ ಹೆಚ್ಚುಕಡಿಮೆ ಇಷ್ಟುದ್ದದ ಎಳೆ ಇದೆ. ಕಣ್ಣು ಹೇಗಿರಬೇಕು, ಬಾಲ ಹೇಗಿರಬೇಕು, ಎದೆ ಹೇಗೆ ಬಡಿಯಬೇಕು, ಎಲ್ಲ ಅದರಲ್ಲೇ ಬರೆದಿದೆ. ಅಷ್ಟನ್ನು ಕಣ್ಣಿಗೆ ಕಾಣದ ಜಾಗಕ್ಕೆ ತುರುಕಬೇಕಾದರೆ ಮಣಿಗಳಿಗೆ ಸುತ್ತಿ, ಮಣಿಗಳನ್ನು ಒತ್ತೊತ್ತಾಗಿ ಮಡಿಸಿ ಇಡಬೇಕು. ಈ ಎಳೆ, ಮಣಿ, ಮಡಿಕೆ ಎಲ್ಲಕ್ಕೂ ಸೇರಿ ಕ್ರೊಮ್ಯಾಟಿನ್ ಎಂದು ಹೆಸರು. ಮಡಿಕೆಯೊಳಗೆ ಸಿಕ್ಕಿದ ಬರಹವನ್ನು ಓದಲಾಗುವುದಿಲ್ಲ. ಬಿಚ್ಚಿದ್ದನ್ನು ಮಾತ್ರ ಓದಬಹುದು.

"ಮೊದಲ ಎರಡು ಮೂರು ಗಂಟೆ ಈ ಮರಿ ತನ್ನ ಎಳೇನ ಹೆಚ್ಚುಕಡಿಮೆ ಓದೋದೇ ಇಲ್ಲ. ತಾಯಿ ಮೊಟ್ಟೇಲಿ ತುಂಬಿಟ್ಟ ಸಾಮಾನಲ್ಲೇ ಎಲ್ಲಾ ನಡೆಯುತ್ತೆ. ಆಮೇಲೆ ಒಂದು ಗಳಿಗೇಲಿ ಮಡಿಕೆ ಅಲ್ಲಲ್ಲಿ ಬಿಚ್ಚಿಕೊಳ್ಳುತ್ತೆ. ಆವತ್ತಿಂದ ಅದರ ಬದುಕು ಅದರದ್ದು."

"ಬಾಲದ ಜಾಗದಲ್ಲಿ ಕಣ್ಣಿನ ಮಡಿಕೆ ಬಿಚ್ಚಿದ್ರೆ?"

ಡಾಕ್ಟರಮ್ಮ ಅವಳ ಮುಖವನ್ನೇ ನೋಡಿದರು. "ಅದನ್ನ ತಿಳ್ಕೊಳ್ಳೋಕೇ ನಾನು ಹದಿನೈದು ವರ್ಷ ಓದಿದ್ದು," ಅಂದರು.

ಎರಡೇ ವರ್ಷದಲ್ಲಿ ನೆಲ ಒರೆಸುವ ಕೋಲು ಬೇರೆಯವರ ಕೈಗೆ ಹೋಯಿತು, ಮೀನುಕೋಣೆಯ ಬೀಗದ ಕೈ ಇವಳ ಸೊಂಟಕ್ಕೆ ಬಂತು. ಹತ್ತನೇ ತರಗತಿಯ ಆಚೆ ಶಾಲೆ ಕಾಣದವಳು ನೋಡಿ ನೋಡಿ ಕಲಿತಳು. ಮೊದಮೊದಲು ಮರಿಯ ಜೀವಕೋಶಗಳೆಲ್ಲ ಶಾಲೆ ಮಕ್ಕಳ ಕವಾಯತಿನಂತೆ ಒಟ್ಟಿಗೇ ಒಡೆಯುತ್ತವೆ. ಸಾವಿರದ ಹತ್ತಿರ ಬಂದಾಗ ಒಂದು ಗಳಿಗೆಯಲ್ಲಿ ಆ ಸಾಲು ಮುರಿಯುತ್ತದೆ. ಒಂದು ಮುಂದೆ, ಒಂದು ಹಿಂದೆ, ಪ್ರತಿಯೊಂದಕ್ಕೂ ತನ್ನದೇ ನಡಿಗೆ. ಮಡಿಕೆ ಬಿಚ್ಚುವ ಕಾಲವೂ ಅದೇ. ಒಳಗಿನ ಮಡಿಕೆ ಕಣ್ಣಿಗೆ ಕಾಣುವುದಿಲ್ಲ, ಸಾಲು ಮುರಿಯುವುದು ಕಾಣುತ್ತದೆ. ಮೀನಕ್ಕ ಮರಿಗಳಿಗೆ ತನ್ನದೇ ಮೂರು ಹೆಸರಿಟ್ಟುಕೊಂಡಳು: ಸಾಲಿನಲ್ಲಿರುವವು ಮೌನಿಗಳು, ಸಾಲು ಇನ್ನೇನು ಮುರಿಯುವಂತೆ ತಡವರಿಸುತ್ತಿರುವವು ಬಾಯಿ ತೆರೆದವು, ಸಾಲು ಮುರಿದವು ಮಾತುಗಾರರು. ಈ ಹೆಸರುಗಳನ್ನು ಅವಳು ಯಾರಿಗೂ ಹೇಳಲಿಲ್ಲ. ಕೇಳಿದವರು ಯಾರು?

ಹೀಗೆ ಕಾಲ ಸರಿದು ಡಾಕ್ಟರಮ್ಮನ ತಲೆ ನರೆತ ಹೊತ್ತಿಗೆ ಪಟಾಕಿ ಬಂದಳು. ಸಂಶೋಧನಾ ವಿದ್ಯಾರ್ಥಿನಿ. ಬಾಯಿಗೆ ಒಮ್ಮೆ ಕಿಡಿ ತಾಗಿದರೆ ಸರ ಪೂರ್ತಿ ಮುಗಿಯುವವರೆಗೆ ನಿಲ್ಲುತ್ತಿರಲಿಲ್ಲ, ಅದಕ್ಕೇ ಆ ಹೆಸರು. ಕೆಟ್ಟವಳಲ್ಲ, ಅವಸರದವಳು. ಮೊಟ್ಟೆ ಬಿದ್ದು ಎರಡೂವರೆ ಗಂಟೆಗೆ ನೂರು ಮರಿ, ಮೂರು ಗಂಟೆಗೆ ನೂರು, ಮೂರೂವರೆಗೆ ನೂರು ತೆಗೆದು, ಎಳೆಯ ಯಾವ ಯಾವ ಜಾಗ ಬಿಚ್ಚಿದೆ ಎಂದು ಪಟ್ಟಿ ಮಾಡುವುದು ಅವಳ ಕೆಲಸ. ಅದಕ್ಕೊಂದು ಕಿಣ್ವವಿದೆ, ಬಿಚ್ಚಿದ ಕಡೆ ಮಾತ್ರ ಎಳೆಯನ್ನು ಕತ್ತರಿಸುತ್ತದೆ. ಮೊದಲ ಮೂರು ವರ್ಷ ಎಲ್ಲ ಸುಸೂತ್ರವಾಗಿತ್ತು. ಆಮೇಲೆ ಒಂದೂವರೆ ವರ್ಷ ಬರೀ ಗೋಜಲು. ಮೂರು ಗಂಟೆಯ ಮರಿಗಳಲ್ಲಿ ಒಂದು ದಿನ ಎಲ್ಲ ಬಿಚ್ಚಿರುತ್ತಿತ್ತು, ಮರುದಿನ ಎಲ್ಲ ಮುಚ್ಚಿರುತ್ತಿತ್ತು, ಇನ್ನೊಂದು ದಿನ ಅರ್ಧಂಬರ್ಧ.

ಒಂದು ಸೋಮವಾರ ಬೆಳಿಗ್ಗೆ ಮೀನಕ್ಕನಿಗೆ ಮೇಲಿನ ಮಹಡಿಯಿಂದ ಕರೆ ಬಂತು. ಕೈ ಒರೆಸಿಕೊಂಡು ಹೋದಳು. ಮೇಜಿನ ಸುತ್ತ ಡಾಕ್ಟರಮ್ಮ, ಪಟಾಕಿ, ಉಳಿದ ವಿದ್ಯಾರ್ಥಿಗಳು.

"ನನ್ನ ಪ್ರಯೋಗದಲ್ಲಿ ತಪ್ಪಿಲ್ಲ ಮೇಡಂ, ನೂರು ಸಲ ನೋಡಿದ್ದೀನಿ," ಪಟಾಕಿ ಹೇಳುತ್ತಿದ್ದಳು. "ಮೊಟ್ಟೆನೇ ಬೆರಕೆ. ಒಂದೇ ಹೊತ್ತಿಂದು ಅಂತ ಅಕ್ಕ ಕೊಡ್ತಾರೆ, ಅದರಲ್ಲಿ ಮುಂಚೆ ಬಿದ್ದಿದ್ದೂ ಇರುತ್ತೆ, ತಡವಾಗಿದ್ದೂ ಇರುತ್ತೆ. ಅಕ್ಕ ಗಡಿಯಾರನೂ ಕಟ್ಟಲ್ಲ!"

ಮೀನಕ್ಕ ನಿಂತಲ್ಲೇ ನಿಂತಳು. "ನನ್ನ ಕೈಯಿಂದ ಬೆರಕೆ ಮೊಟ್ಟೆ ಹೋಗಿಲ್ಲ ಅಮ್ಮಾ."

ಡಾಕ್ಟರಮ್ಮ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ನನಗೂ ಹಾಗನ್ಸಲ್ಲ ಮೀನಕ್ಕ. ಆದ್ರೆ ಈ ಮಗು ಐದನೇ ವರ್ಷಕ್ಕೆ ಬಂದಿದೆ. ಸ್ವಲ್ಪ ದಿನ ಅಡ್ಡಹಲಗೆ ಅವಳೇ ತೆಗೀಲಿ. ನೋಡೋಣ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಇಪ್ಪತ್ತಾರು ವರ್ಷದಲ್ಲಿ ಅವಳಿಗೆ ಸಂಪಾದನೆ ಎಂದು ಇದ್ದದ್ದು ಒಂದೇ ಮಾತು: ಮೀನಕ್ಕ ಕೊಟ್ಟ ಮೊಟ್ಟೆ ಎಂದರೆ ಎರಡನೇ ಸಲ ನೋಡಬೇಕಿಲ್ಲ. ಅದು ಎಲ್ಲರ ಮುಂದೆ ಒಂದು ಗಳಿಗೆಯಲ್ಲಿ ಮಣ್ಣುಪಾಲಾಯಿತು. ಅವಳು ಕೆಳಗಿಳಿದು ಬಂದು, ತೊಟ್ಟಿಗಳ ನಡುವೆ ನಿಂತು ಅತ್ತಳು. ಅಳುವುದಕ್ಕೆ ಅದು ಒಳ್ಳೆಯ ಜಾಗ, ಪಂಪಿನ ಸದ್ದಿನಲ್ಲಿ ಯಾರಿಗೂ ಕೇಳಿಸುವುದಿಲ್ಲ.

ಮರುದಿನದಿಂದ ಪಟಾಕಿಯೇ ಹಲಗೆ ಎತ್ತಿದಳು. ಎತ್ತಿದಳು ಎಂದರೆ, ಫೋನಿನಲ್ಲಿ ಯಾರಿಗೋ ಜೋರಾಗಿ ವಿವರಿಸುತ್ತಾ ಡಬ್ಬಿಗಳನ್ನು ಕಟಕಟನೆ ಕುಟ್ಟಿದಳು. ಮೀನುಗಳು ಹೆದರಿ ಮೂಲೆ ಸೇರಿದವು, ಎರಡು ದಿನ ಒಂದು ಮೊಟ್ಟೆಯೂ ಇಲ್ಲ. ಮೀನಕ್ಕ ನೋಡಿಯೂ ನೋಡದವಳಂತೆ ತೊಟ್ಟಿ ಉಜ್ಜಿದಳು. ಒಳಗೊಳಗೇ ಒಂದಿಷ್ಟು ಖುಷಿಯಾಯಿತು, ಸುಳ್ಳೇಕೆ ಹೇಳಲಿ. ಮೂರನೇ ದಿನ ಹುಡುಗಿ ಬಾಯಿ ಮುಚ್ಚಿಕೊಂಡದ್ದಕ್ಕೆ ಮೊಟ್ಟೆ ಬಂತು. ಮೂರು ವಾರ ಕಳೆದು ಫಲಿತಾಂಶ ನೋಡಿದರೆ ಅದೇ ಗೋಜಲು. "ಹಾಗಾದ್ರೆ ಮೀನುಗಳ ತಳೀನೇ ಕೆಟ್ಟಿದೆ," ಅಂದಳು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಶನಿವಾರ ಮಧ್ಯಾಹ್ನ ಮೀನಕ್ಕ ಗಂಡನಿಗೆ ಊಟದ ಡಬ್ಬಿ ತೆಗೆದುಕೊಂಡು ಅಂಗಡಿಗೆ ಹೋದಳು. ಎರಡಾಳು ನಿಂತರೆ ಮೂರನೆಯವನು ಬೀದಿಗೆ ಬೀಳುವಷ್ಟು ಅಂಗಡಿ. ಗೋಡೆಯಲ್ಲಿ ನಲವತ್ತು ಗಡಿಯಾರ, ನಲವತ್ತು ಹೊತ್ತು. ಒಂದು ಕಣ್ಣಿಗೆ ಭೂತಗಾಜು ಸಿಕ್ಕಿಸಿಕೊಂಡೇ ಅವನು ಅವಳ ಮುಖ ನೋಡಿದ.

"ಏನೇ, ತಿಂಗಳಿಂದ ಮುಖ ಗಂಟು ಹಾಕ್ಕೊಂಡಿದ್ದೀಯ. ಮೀನು ಬೈತಾ?"

ಅವಳು ಎಲ್ಲವನ್ನೂ ಹೇಳಿದಳು. ಅವನು ರೇಗಿಸಲಿಲ್ಲ. ಚಿಮಟವನ್ನು ಕೆಳಗಿಟ್ಟು, ಗಿರಾಕಿಗಳಿಗೆ ಕೇಳುವ ಪ್ರಶ್ನೆಯನ್ನೇ ಅವಳಿಗೂ ಕೇಳಿದ. "ನಿಂತ ಗಡಿಯಾರ ತಂದವರಿಗೆ ನಾನು ಮೊದಲು ಕೇಳೋದು ಎರಡೇ. ಯಾವಾಗಿಂದ ಕೆಟ್ಟಿತು? ಕೆಡೋಕೆ ಮುಂಚೆ ಎಲ್ಲಿಂದ ಎಲ್ಲಿಗೆ ಎತ್ತಿಟ್ರಿ? ನೂರರಲ್ಲಿ ತೊಂಬತ್ತು ಅಲ್ಲೇ ಗೊತ್ತಾಗ್ಬಿಡುತ್ತೆ."

"ಅವಳದ್ದು ಕೆಟ್ಟು ಒಂದೂವರೆ ವರ್ಷ ಆಯ್ತು ಕಣ್ರೀ. ಆಗ ಏನೂ…" ಎಂದವಳು ಅರ್ಧಕ್ಕೇ ನಿಲ್ಲಿಸಿದಳು. ಡಬ್ಬಿಯ ಮುಚ್ಚಳ ಕೈಯಲ್ಲೇ ಉಳಿಯಿತು. "ಅಯ್ಯೋ! ಕಾವುಪೆಟ್ಟಿಗೆ!"

ಮೊಟ್ಟೆಗಳನ್ನು ಗಾಜಿನ ತಟ್ಟೆಗಳಲ್ಲಿ ಹಾಕಿ ಬೆಚ್ಚಗಿಡುವ ಪೆಟ್ಟಿಗೆ ಅದು. ಮೊದಲು ಮೀನುಕೋಣೆಯ ಬಾಗಿಲಲ್ಲೇ ಇತ್ತು, ಒಂದೂವರೆ ವರ್ಷದ ಹಿಂದೆ ಮೇಲಿನ ಮಹಡಿಗೆ ಸಾಗಿಸಿದ್ದರು. ಕೆಳಗಿದ್ದಷ್ಟು ಕಾಲ ಮೀನಕ್ಕ ಪ್ರತಿ ಬೆಳಿಗ್ಗೆ ಅದರ ಬಾಗಿಲು ತೆರೆಯುತ್ತಿದ್ದಳು. ಮಕ್ಕಳು ಅವಸರದಲ್ಲಿ ಒಂದರ ಮೇಲೊಂದು ಪೇರಿಸಿಟ್ಟ ತಟ್ಟೆಗಳನ್ನು ನಡುವಿನ ಹಲಗೆಯಲ್ಲಿ ಒಂದೇ ಪದರಕ್ಕೆ ಹರಡುತ್ತಿದ್ದಳು. ಒಂದರಲ್ಲೇ ಇನ್ನೂರು ಕಿಕ್ಕಿರಿದಿದ್ದರೆ ಹಿಂದೆ ಬಿದ್ದ ಮರಿಗಳನ್ನು ಹನಿಕೊಳವೆಯಲ್ಲಿ ಎತ್ತಿ ತೆಗೆಯುತ್ತಿದ್ದಳು. ಮೇಲಿನ ಹಲಗೆ ಫ್ಯಾನಿನ ಗಾಳಿಗೆ ಒಂದೆರಡು ಡಿಗ್ರಿ ತಣ್ಣಗೆ, ಅಲ್ಲಿ ಮರಿ ನಿಧಾನ. ಗುಂಪಿನಲ್ಲಿ ಉಸಿರು ಸಾಲದೆ ಇನ್ನೂ ನಿಧಾನ. ಮೊಟ್ಟೆ ಒಂದೇ ಹೊತ್ತಿನದಾದರೂ ಮರಿಯ ವಯಸ್ಸು ಒಂದೇ ಆಗಿರುವುದಿಲ್ಲ. ಇದೆಲ್ಲ ಅವಳಿಗೆ ಹಾಸಿಗೆ ಮಡಿಸಿದಷ್ಟು ಸಹಜವಾದ ಕೆಲಸ. ಮಾಡುತ್ತಿದ್ದೇನೆ ಎಂದು ಹೇಳಬೇಕು ಅಂತಲೂ ಅವಳಿಗೆ ತೋಚಿರಲಿಲ್ಲ. ಪೆಟ್ಟಿಗೆ ಮೇಲೆ ಹೋಯಿತು, ಆ ಕೆಲಸವೂ ನಿಂತಿತು.

"ಮಾತು ಬೆಳ್ಳಿ, ಮೌನ ಬಂಗಾರ ಅಂತಾರಲ್ಲ," ಅಂದ ಗಂಡ, ಭೂತಗಾಜು ಕಳಚುತ್ತಾ. "ನಿನ್ನ ಬಂಗಾರ ಆ ಹುಡುಗಿಗೆ ಒಂದೂವರೆ ವರ್ಷ ತಿಂದು ಹಾಕ್ತು ಕಣೆ. ಸೋಮವಾರ ಹೋಗಿ ಬಾಯಿ ಬಿಡು."

ಸೋಮವಾರ ಅವಳು ಕರೆಯದೆಯೇ ಮೇಲೆ ಹೋದಳು. ಎಲ್ಲರೂ ಇದ್ದರು. ತೊದಲದೆ, ಮೊದಲಿನಿಂದ ಕೊನೆಯವರೆಗೆ ಹೇಳಿದಳು. ಪಟಾಕಿ ಬಾಯಿ ತೆರೆದುಕೊಂಡು ಕೂತಳು. ಡಾಕ್ಟರಮ್ಮ ಮಾತ್ರ ಕುರ್ಚಿಯಿಂದ ಎದ್ದೇಬಿಟ್ಟರು.

"ಹೇಳದೆ ಯಾಕೆ ಕೈ ಹಾಕಿದ್ರಿ ಮೀನಕ್ಕ?"

"ಕೇಳಿದ್ರೆ ಹೇಳ್ತಿದ್ದೆ ಅಮ್ಮಾ."

"ಕೇಳಬೇಕು ಅಂತ ಗೊತ್ತಿದ್ರೆ ತಾನೇ ಕೇಳೋದು! ಇಷ್ಟು ವರ್ಷ ನಾವು ಗಡಿಯಾರದ ಲೆಕ್ಕ ಅಂತ ಬರೆದಿದ್ದೆಲ್ಲ ನಿಮ್ಮ ಕಣ್ಣಿನ ಲೆಕ್ಕನಾ? ನಿಮ್ಮ ಕಣ್ಣು ತಪ್ಪಿದ್ರೆ ನಮ್ಮ ಗತಿ ಏನು?"

ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಮೀನಕ್ಕನಿಗೂ ಅದು ಗೊತ್ತಾಯಿತು, ಮುಖ ಕೆಂಪಾಯಿತು. ಆದರೆ ತಲೆ ಬಗ್ಗಲಿಲ್ಲ. "ಹೇಳದೆ ಮಾಡಿದ್ದು ನನ್ನ ತಪ್ಪು. ಬೆರಕೆ ಮೊಟ್ಟೆ ಕೊಟ್ಟೆ ಅನ್ನೋದು ಸುಳ್ಳು. ಕಣ್ಣು ತಪ್ಪಿದ್ಯಾ ಇಲ್ವಾ ನೀವೇ ಪರೀಕ್ಷೆ ಮಾಡಿ. ಹನ್ನೆರಡು ತಟ್ಟೆ ಕೊಡಿ, ಒಂದೇ ಹೊತ್ತಿನ ಮೊಟ್ಟೆ. ಎಲ್ಲಿಟ್ರಿ, ಎಷ್ಟು ತುಂಬಿದ್ರಿ ನನಗೆ ಹೇಳಬೇಡಿ. ನಾನು ನೋಡಿ ಹೇಳ್ತೀನಿ. ತಪ್ಪಾದ್ರೆ ಬೀಗದ ಕೈ ಇಲ್ಲೇ ಇಟ್ಟು ಹೋಗ್ತೀನಿ."

ಸೊಂಟದಿಂದ ಬೀಗದ ಕೈ ತೆಗೆದು ಮೇಜಿನ ಮೇಲಿಟ್ಟಳು. ಅದನ್ನು ಎತ್ತಿಕೊಳ್ಳುವಂತೆ ಯಾರೂ ಹೇಳಲಿಲ್ಲ.

ಪರೀಕ್ಷೆ ಗುರುವಾರ. ಪಟಾಕಿ ಹನ್ನೆರಡು ತಟ್ಟೆಗಳನ್ನು ಕಾವುಪೆಟ್ಟಿಗೆಯ ಮೂಲೆಮೂಲೆಗೆ ಇಟ್ಟಳು, ಕೆಲವನ್ನು ಕಿಕ್ಕಿರಿಸಿ, ಕೆಲವನ್ನು ತೆಳ್ಳಗೆ. ಡಾಕ್ಟರಮ್ಮ ತಟ್ಟೆಗಳಿಗೆ ಸಂಖ್ಯೆ ಮಾತ್ರ ಅಂಟಿಸಿ, ಗೋಡೆಯ ಗಡಿಯಾರವನ್ನೂ ಇಳಿಸಿಟ್ಟರು. ಸರಿಯಾಗಿ ಮೂರು ಗಂಟೆ ತುಂಬಿದಾಗ ತಟ್ಟೆಗಳನ್ನು ಒಂದೊಂದಾಗಿ ಮೈಕ್ರೋಸ್ಕೋಪಿನಡಿ ಸರಿಸಿದರು. ಒಂದೊಂದಕ್ಕೆ ಅರ್ಧ ನಿಮಿಷ.

"ಮೌನಿ," ಅಂದಳು ಮೀನಕ್ಕ. "ಮಾತುಗಾರ. ಇದು ಬಾಯಿ ತೆರೆದಿದೆ. ಇದೂ ಅಷ್ಟೇ. ಮೌನಿ." ತನ್ನ ಹೆಸರುಗಳನ್ನು ಅವಳು ಮೊದಲ ಸಲ ಬಾಯಿಬಿಟ್ಟು ಹೇಳಿದ್ದು ಅವತ್ತು. ನಾಚಿಕೆಯಾಗಲಿಲ್ಲ. ನಾಲ್ಕು ಮೌನಿ, ಐದು ಬಾಯಿ ತೆರೆದದ್ದು, ಮೂರು ಮಾತುಗಾರ. ಪಟಾಕಿ ಬರೆದುಕೊಂಡಳು, ಹೇಳಿದ ತಕ್ಷಣ ಆಯಾ ತಟ್ಟೆಯ ಮರಿಗಳನ್ನು ಹೆಪ್ಪುಗಟ್ಟಿಸಿಟ್ಟಳು. ಆಮೇಲೆ ಮೂರು ವಾರದ ಕೆಲಸ: ಎಳೆಯ ಯಾವ ಜಾಗ ಬಿಚ್ಚಿದೆ ಎಂದು ಒಂದು ಪಟ್ಟಿ, ಅಲ್ಲಿನ ಬರಹವನ್ನು ಓದಲು ಶುರುವಾಗಿದೆಯೇ ಎಂದು ಇನ್ನೊಂದು ಪಟ್ಟಿ.

ಆ ಮೂರು ವಾರ ಮೀನಕ್ಕ ಹೇಗೆ ಕಳೆದಳೋ ಅವಳಿಗೇ ಗೊತ್ತು. ಮೀನುಕೋಣೆಯ ಬಾಗಿಲನ್ನು ದಿನಾ ಪಟಾಕಿ ಬಂದು ತೆಗೆಯಬೇಕಿತ್ತು, ಬೀಗದ ಕೈ ಡಾಕ್ಟರಮ್ಮನ ಮೇಜಿನ ಮೇಲೆಯೇ ಇತ್ತು. ಇಬ್ಬರ ನಡುವೆ ಮಾತಿಲ್ಲ. ಒಂದು ದಿನ ಮಾತ್ರ ಹುಡುಗಿ ಹಲಗೆ ಎತ್ತುವಾಗ ಮೀನಕ್ಕ ತಡೆಯಲಾರದೆ ಅವಳ ಮಣಿಕಟ್ಟು ಹಿಡಿದು, "ನಿಧಾನ ಪುಟ್ಟಿ. ಮದುವೆಮನೆ ಬಾಗಿಲು ಒದ್ದು ತೆಗೀತಾರಾ?" ಅಂದಳು. ಪಟಾಕಿಗೆ ನಗು ತಡೆಯಲಾಗಲಿಲ್ಲ. ಅಂದಿನಿಂದ ಹಲಗೆ ಮೆಲ್ಲಗೆ ಎದ್ದಿತು.

ಫಲಿತಾಂಶ ಬಂದ ದಿನ ಹುಡುಗಿ ಕಾಗದ ಹಿಡಿದುಕೊಂಡು ಮೆಟ್ಟಿಲಿಳಿದು ಬಂದಳು, ಹಿಂದೆಯೇ ಡಾಕ್ಟರಮ್ಮ. ಪಟಾಕಿಯ ಮುಖ ಸಪ್ಪಗಿತ್ತು.

"ಅಕ್ಕ, ಏಳು ಸರಿ. ನಾಲ್ಕು ಮೌನಿಗಳಲ್ಲಿ ಎಲ್ಲಾ ಮುಚ್ಚಿದೆ. ಮೂರು ಮಾತುಗಾರರಲ್ಲಿ ಬಿಚ್ಚಿದೆ, ಓದ್ತಾನೂ ಇದೆ. ಆದ್ರೆ ಆ ನಡುವಿನ ಐದು ತಪ್ಪಾಗಿದೆ. ಮಡಿಕೆ ಬಿಚ್ಚಿದೆ, ಓದೋದು ಮಾತ್ರ ಶುರುವೇ ಆಗಿಲ್ಲ. ಐದಕ್ಕೆ ಐದೂ ಹಾಗೇ. ಅರ್ಥನೇ ಆಗ್ತಿಲ್ಲ."

ಮೀನಕ್ಕನ ಕೈಯಲ್ಲಿದ್ದ ಬಲೆ ನೀರಿಗೆ ಬಿತ್ತು. ಬೀಗದ ಕೈ ಹೋಯಿತು, ಹೆಸರೂ ಹೋಯಿತು ಎಂದು ಒಂದು ಗಳಿಗೆ ಅನ್ನಿಸಿತು. ಆಮೇಲೆ ಹುಡುಗಿ ಹೇಳಿದ್ದನ್ನೇ ಇನ್ನೊಮ್ಮೆ ಮನಸ್ಸಿನಲ್ಲಿ ತಿರುವಿ ಹಾಕಿದಳು.

"ತಪ್ಪು ಹೇಗಾಗುತ್ತೆ?" ಅಂದಳು. "ನಾನು ಮಾತಾಡ್ತಿದೆ ಅಂತ ಎಲ್ಲಿ ಹೇಳ್ದೆ? ಬಾಯಿ ತೆರೆದಿದೆ ಅಂದೆ. ಯಾವ ಮಗುವಾದ್ರೂ ಮಾತಾಡೋಕೆ ಮುಂಚೆ ಬಾಯಿ ತೆರಿಯಲ್ವಾ?"

ಡಾಕ್ಟರಮ್ಮ ಹುಡುಗಿಯ ಕೈಯಿಂದ ಕಾಗದ ಕಿತ್ತುಕೊಂಡರು. ಮೇಲಿಂದ ಕೆಳಕ್ಕೆ ಓದಿದರು, ಮತ್ತೆ ಕೆಳಗಿಂದ ಮೇಲಕ್ಕೆ. ಐದು ತಟ್ಟೆಗಳಲ್ಲೂ ಮೊದಲು ಬಿಚ್ಚಿದ್ದು ಅವೇ ಜಾಗಗಳು. ಆ ಜಾಗಗಳಲ್ಲಿ ಕೂತಿದ್ದದ್ದು ತಾಯಿ ಮೊಟ್ಟೆಯಲ್ಲಿ ತುಂಬಿಟ್ಟ ಪ್ರೋಟೀನುಗಳು. ಮಗುವಿನ ಬರಹವನ್ನು ಓದುವ ಮೊದಲೇ ತಾಯಿಯ ಕೈ ಬಂದು ಮಡಿಕೆ ಸಡಿಲಿಸಿ, ದಾರಿ ಮಾಡಿಟ್ಟಿದೆ. ಆ ಸಣ್ಣ ನಡುಗಾಲ ಗಡಿಯಾರದ ಲೆಕ್ಕದಲ್ಲಿ ಹಿಂದಿನದರ ಜೊತೆಗೋ ಮುಂದಿನದರ ಜೊತೆಗೋ ಕಲಸಿಹೋಗುತ್ತಿತ್ತು. ಒಂದೂವರೆ ವರ್ಷ ಗೋಜಲು ಎಂದು ಪಟಾಕಿ ಎಸೆದಿದ್ದರಲ್ಲೇ ಅದೂ ಇತ್ತು.

"ಹನ್ನೆರಡಕ್ಕೆ ಹನ್ನೆರಡು," ಅಂದರು ಡಾಕ್ಟರಮ್ಮ. "ಮೂವತ್ತು ವರ್ಷದಿಂದ ನಾನು ಹುಡುಕ್ತಿರೋ ಗಳಿಗೆಗೆ ನೀವು ಹೆಸರು ಇಟ್ಕೊಂಡು ಕೂತಿದ್ದೀರಲ್ಲ ಮೀನಕ್ಕ!"

ಪಟಾಕಿ ಒದ್ದೆ ಏಪ್ರನ್ನಿನ ಸಮೇತ ಮೀನಕ್ಕನನ್ನು ತಬ್ಬಿಕೊಂಡು ಗೊಳೋ ಎಂದು ಅತ್ತಳು. "ಬೆರಕೆ ಅಂದ್ಬಿಟ್ಟೆ ಅಕ್ಕ, ಎಲ್ಲರ ಮುಂದೆ ಅಂದ್ಬಿಟ್ಟೆ." ಮೀನಕ್ಕ ಅವಳ ಬೆನ್ನು ತಟ್ಟಿದಳು. "ಎಲ್ಲರ ಮುಂದೆ ಅಂದಿದ್ದನ್ನ ಎಲ್ಲರ ಮುಂದೆನೇ ತೆಗಿ, ಸರಿಹೋಗುತ್ತೆ," ಅಂದಳು. ಕ್ಷಮಿಸುವುದರಲ್ಲೂ ಅವಳದು ಲೆಕ್ಕಾಚಾರದ ಕೈ. ಬೀಗದ ಕೈಯನ್ನು ಡಾಕ್ಟರಮ್ಮ ತಾವೇ ಅವಳ ಸೊಂಟಕ್ಕೆ ಸಿಕ್ಕಿಸಿದರು.

ಹುಡುಗಿ ಮಾತು ಉಳಿಸಿಕೊಂಡಳು. ಏಳು ತಿಂಗಳ ನಂತರ ಅವಳ ಪ್ರಬಂಧದ ಪರೀಕ್ಷೆ. ದೊಡ್ಡ ಸಭಾಂಗಣ, ಹೊರಗಿನಿಂದ ಬಂದ ಹೆಸರಾಂತ ಪರೀಕ್ಷಕರು, ಇನ್ನೂರು ಜನ. ಮೂರನೇ ಸಾಲಿನಲ್ಲಿ ಮೀನಕ್ಕ, ಪಕ್ಕದಲ್ಲಿ ಇಸ್ತ್ರಿ ಮಾಡಿದ ಅಂಗಿ ತೊಟ್ಟ ಗಂಡ. ತೆರೆಯ ಮೇಲೆ ಮೊದಲು ಮೂಡಿದ್ದು ಕೆಲಸ ಮಾಡಿದವರ ಹೆಸರುಗಳು. ಮೂರು ಹೆಸರು, ನಡುವಿನದು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿದ್ದ ಹೆಸರು.

"ಯಾರೇ ಇವರು, ಎಲ್ಲೋ ಕೇಳಿದ ಹೆಸರು," ಗಂಡ ಕಿವಿಯಲ್ಲಿ ಪಿಸುಗುಟ್ಟಿದ. ಆದರೆ ಕಣ್ಣೊರೆಸಿಕೊಳ್ಳುತ್ತಿದ್ದ.

ಕೊನೆಯಲ್ಲಿ ಪರೀಕ್ಷಕರು ಎದ್ದರು. "ನಿಮ್ಮ ನಕ್ಷೇಲಿ ಗಂಟೆ ನಿಮಿಷ ಇಲ್ಲ, ಮೂರು ಹಂತ ಅಷ್ಟೇ ಇದೆ. ಇಷ್ಟು ಸೂಕ್ಷ್ಮವಾಗಿ ಹಂತ ಗುರುತಿಸೋಕೆ ಯಾವ ಯಂತ್ರ ಬಳಸಿದ್ರಿ?"

"ಇಲ್ಲೇ ಮೂರನೇ ಸಾಲಲ್ಲಿ ಕೂತಿದೆ ಸರ್," ಅಂದಳು ಪಟಾಕಿ. "ಇಪ್ಪತ್ತಾರು ವರ್ಷದಿಂದ ಒಂದು ದಿನವೂ ಕೆಟ್ಟಿಲ್ಲ. ಕೆಟ್ಟಿದೆ ಅಂತ ನಾನೇ ಎಲ್ಲರ ಮುಂದೆ ಹೇಳಿದ್ದೆ. ಅದು ನನ್ನ ತಪ್ಪು, ಇವತ್ತು ಎಲ್ಲರ ಮುಂದೆ ವಾಪಸ್ ತಗೋತೀನಿ."

ಇನ್ನೂರು ಜನ ಅವಳತ್ತ ತಿರುಗಿ ನೋಡಿದರು, ಚಪ್ಪಾಳೆ ಬಿತ್ತು. ಮೀನಕ್ಕನ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಪರೀಕ್ಷಕರು ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎನ್ನುವ ಜಾತಿಯವರು. "ನಾಳೆ ಬೆಳಿಗ್ಗೆ ನನ್ನ ಕಣ್ಣಾರೆ ನೋಡಬೇಕು," ಅಂದರು.

ಮರುದಿನ ಬಂದರು. ಎಂಟೂ ಮುಕ್ಕಾಲಿಗೆ ಮೊಟ್ಟೆ ಬಿತ್ತು. ಪಟಾಕಿ ತನ್ನ ಫೋನು ನೋಡಿ ಹೊತ್ತನ್ನು ತಟ್ಟೆಯ ಮೇಲೆ ಬರೆದಳು. ಮೀನಕ್ಕ ಐವತ್ತೇ ಮೊಟ್ಟೆ ಹಾಕಿ, ಮತ್ತೆ ಕೆಳಗಿಳಿದು ಬಂದಿದ್ದ ಕಾವುಪೆಟ್ಟಿಗೆಯ ನಡುವಿನ ಹಲಗೆಯಲ್ಲಿಟ್ಟಳು. ಹನ್ನೊಂದು ಕಳೆದ ಮೇಲೆ ತಟ್ಟೆ ತೆಗೆದು, ಪರೀಕ್ಷಕರನ್ನು ಒಂದು ಮೈಕ್ರೋಸ್ಕೋಪಿನ ಮುಂದೆ ಕೂರಿಸಿ, ತಾನು ಅದಕ್ಕೇ ಜೋಡಿಸಿದ್ದ ಇನ್ನೊಂದು ನೋಡುಗಾಜಿಗೆ ಕಣ್ಣಿಟ್ಟಳು. ಮರಿಯ ತಲೆಯ ಮೇಲೆ ಐನೂರು ಗುಳ್ಳೆ, ಒಂದೇ ಸಾಲಿನ ಕವಾಯತು.

"ಇನ್ನೂ ಮೌನಿ," ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ಬಾಯಿ ತೆರೀತಿದೆ. ರೆಪ್ಪೆ ಬಡಿಬೇಡಿ ಸರ್." ಪರೀಕ್ಷಕರು ಗಾಜಿಗೆ ಇನ್ನಷ್ಟು ಬಾಗಿದರು. "ಈಗ," ಅಂದಳು ಮೀನಕ್ಕ.

ಒಂದು ಗುಳ್ಳೆ ಒಡೆಯಿತು, ಪಕ್ಕದ್ದು ಒಡೆಯಲಿಲ್ಲ. ಆಚೆ ಇನ್ನೊಂದು. ಸಾಲು ಮುರಿಯಿತು. ಪರೀಕ್ಷಕರು ತುಂಬಾ ಹೊತ್ತು ತಲೆ ಎತ್ತಲಿಲ್ಲ. ಎತ್ತಿದಾಗ ಅವರ ಮುಖದಲ್ಲಿದ್ದದ್ದು ಬಕೆಟ್ಟು ಉರುಳಿಸಿದ ದಿನ ಮೀನಕ್ಕನ ಮುಖದಲ್ಲಿದ್ದದ್ದೇ. ಆದರೂ ಅಭ್ಯಾಸಬಲ, ಮುಂಗೈ ತಿರುಗಿಸಿ ಗಡಿಯಾರ ನೋಡಿದರು.

"ಹನ್ನೊಂದು ಇಪ್ಪತ್ತಾರು. ಎರಡು ಗಂಟೆ ನಲವತ್ತೊಂದು ನಿಮಿಷ. ಪುಸ್ತಕದಲ್ಲಿ ಎರಡೂ ಮುಕ್ಕಾಲು ಅಂತಿದೆಯಲ್ಲ. ನಾಲ್ಕು ನಿಮಿಷ ವ್ಯತ್ಯಾಸ."

ಮೀನಕ್ಕ ಇನ್ನೊಮ್ಮೆ ತಟ್ಟೆಗೆ ಕಣ್ಣಿಟ್ಟು ನೋಡಿದಳು. "ಮೀನು ಸರಿಯಾಗಿದೆ ಸರ್. ಪುಸ್ತಕನೂ ಸರಿಯಾಗಿದೆ. ನಿಮ್ಮ ಗಡಿಯಾರ ನಾಲ್ಕು ನಿಮಿಷ ಹಿಂದಿದೆ."

ಪಟಾಕಿ ಫೋನು ತೆಗೆದು ನೋಡಿದಳು. ಹನ್ನೊಂದೂವರೆ. ಪರೀಕ್ಷಕರು ಫೋನನ್ನೂ ತಮ್ಮ ಮುಂಗೈಯನ್ನೂ ಎರಡೆರಡು ಸಲ ನೋಡಿದರು, ಆಮೇಲೆ ಎದ್ದು ನಿಂತು ಮೀನಕ್ಕನಿಗೆ ಕೈ ಮುಗಿದರು. ಅವಳು ಒದ್ದೆ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡು, ತಟ್ಟೆಗೆ ಬರೆಯುವ ಪೆನ್ನಿನಲ್ಲೇ ಚೀಟಿಯೊಂದರ ಮೇಲೆ ಗಂಡನ ಅಂಗಡಿಯ ವಿಳಾಸ ಬರೆದುಕೊಟ್ಟಳು.